ಇನ್ನೊಂದು ಕೋಣೆ ಬೇಕೆ?



ದಿಂಡಿಗಲ್ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಮೂರು ಕೋಣೆಗಳ ಒಂದು ಮಹಡಿ ಖಾಲಿಯಾಗಿದೆ. ಬಾಡಿಗೆ ತಿಂಗಳಿಗೆ 22,000 ರೂಪಾಯಿ, ಮುಂಗಡ ಒಂದೂವರೆ ಲಕ್ಷ. ಮನೆಯ ಯಜಮಾನರು ಸಜ್ಜನರು. "ನಿಮ್ಮಂಥವರು ಬಂದರೆ ನಮಗೂ ಒಳ್ಳೇದು ಸಾರ್, ಜನಕ್ಕೂ ಒಳ್ಳೇದು" ಎಂದು ತಮಿಳಿನಲ್ಲಿ ಮೂರು ಸಲ ಫೋನ್ ಮಾಡಿ ಹೇಳಿದ್ದಾರೆ. ಹೌದು ಎನ್ನುವುದೋ ಬೇಡ ಎನ್ನುವುದೋ ತಿಳಿಯದೆ ನಾವಿಬ್ಬರೂ ಎರಡು ತಿಂಗಳು ಒದ್ದಾಡಿದ್ದೇವೆ. ಈ ಒದ್ದಾಟವನ್ನೇ ಬರೆದು ಕಳುಹಿಸಿ ಎಂದು ನಮ್ಮ ಹಳೆಯ ಧರ್ಮಕೇಂದ್ರದ ಪತ್ರಿಕೆಯವರು ಕೇಳಿದರು. ಬರೆಯುತ್ತಿರುವವರು ಗಂಡ ಹೆಂಡತಿ ಇಬ್ಬರೂ. ಹಾಗಾಗಿ "ನಾವು" ಎಂದರೆ ನಿಜವಾಗಿಯೂ ಇಬ್ಬರು. ಕೆಲವು ಸಾಲುಗಳಲ್ಲಿ ನಮ್ಮೊಳಗೇ ಒಮ್ಮತವಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇವೆ.

ನಾವು ತೇನಿಯಲ್ಲಿ ಆಪ್ತಸಮಾಲೋಚಕರು. ಮದುವೆಯಾದ ಹೊಸದರಲ್ಲಿ ಬೆಂಗಳೂರಿನಲ್ಲಿದ್ದೆವು, ಆಮೇಲೆ ಇಲ್ಲಿಗೆ ಬಂದೆವು. ನಮ್ಮಲ್ಲೊಬ್ಬರ ತವರು ಕಂಬಂ. ಕಂಬಂ ಕಣಿವೆಯಲ್ಲಿ ಕನ್ನಡವೇ ಎಂದು ಬೆಂಗಳೂರಿನ ಬಂಧುಗಳು ಹುಬ್ಬೇರಿಸುತ್ತಾರೆ. ಕಂಬಂ, ಬೋಡಿನಾಯಕನೂರಿನ ಕಡೆ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಮಾತಾಡುವ ಒಕ್ಕಲು ಮನೆತನಗಳಿವೆ. ಕಪ್ಪಿಲಿಯರ್ ಎಂದು ಇಲ್ಲಿಯವರು ಕರೆಯುತ್ತಾರೆ. ಓದುವುದು ಬರೆಯುವುದು ತಮಿಳಿನಲ್ಲಿ, ಅಡುಗೆಮನೆಯಲ್ಲಿ ಮಾತ್ರ ಕನ್ನಡ. ನಮ್ಮ ಕೋಣೆಯಲ್ಲಿ ಇದು ಬಹಳ ವಿಚಿತ್ರವಾಗಿ ಕಾಣಿಸುತ್ತದೆ. ಸಾಲದ ಲೆಕ್ಕ, ಜಮೀನಿನ ವ್ಯಾಜ್ಯ, ಗಂಡನ ಕುಡಿತ ಎಲ್ಲವನ್ನೂ ಅಚ್ಚುಕಟ್ಟು ತಮಿಳಿನಲ್ಲಿ ಹೇಳುತ್ತಾ ಬಂದವರು, ಅಳು ಬಂದ ಕ್ಷಣ ಕನ್ನಡಕ್ಕೆ ಜಾರುತ್ತಾರೆ. ಆ ಕನ್ನಡ ನಮ್ಮ ಬೆಂಗಳೂರಿನ ಕನ್ನಡವಲ್ಲ, ಆದರೂ ಅರ್ಥವಾಗುತ್ತದೆ. ಬೇರೆಯವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಮಾತು ಬಂದಾಗಲೆಲ್ಲ ನಮಗೆ ಮೊದಲು ನೆನಪಾಗುವುದು ಈ ಜಾರುವಿಕೆ.

ಕೆಲಸದ ಹೊತ್ತನ್ನು ಇಲ್ಲಿ ಊರೇ ನಿರ್ಧರಿಸುತ್ತದೆ. ಕಣಿವೆಯ ಹಳ್ಳಿಗಳಿಂದ ಏಲಕ್ಕಿ ತೋಟಕ್ಕೆ ಹೋಗುವ ಹೆಂಗಸರು ನಸುಕಿನಲ್ಲೇ ಜೀಪು ಹತ್ತಿ ಘಟ್ಟ ಏರಿ ಇಡುಕ್ಕಿಗೆ ಹೋಗುತ್ತಾರೆ, ಸಂಜೆ ಇಳಿದು ಬರುತ್ತಾರೆ. ಅವರಿಗೆ ಹಗಲಿನ ಹನ್ನೊಂದು ಗಂಟೆಯ ಸಮಯ ಕೊಡುವುದೆಂದರೆ ಒಂದು ದಿನದ ಕೂಲಿ ಕಿತ್ತುಕೊಂಡಂತೆ. ಆದ್ದರಿಂದ ಸಂಜೆ ಐದರ ನಂತರದ ಗಂಟೆಗಳು ಅವರಿಗೆ ಮೀಸಲು. ಅದೇ ಗಂಟೆಗಳನ್ನು ಪೂರ್ತಿ ಹಣ ಕೊಡಬಲ್ಲ ಶಿಕ್ಷಕರು, ಬ್ಯಾಂಕಿನವರು ಕೇಳುತ್ತಾರೆ. ಇದು ದಿನನಿತ್ಯದ ಸಣ್ಣ ಜಗಳ. ದಿಂಡಿಗಲ್‌ನ ದೊಡ್ಡ ಪ್ರಶ್ನೆ ಇದರೊಳಗೇ ಅಡಗಿದೆ ಎಂದು ನಮಗೆ ಆಮೇಲೆ ತಿಳಿಯಿತು.

ನಾವು ತಲಾ ದಿನಕ್ಕೆ ಐವರನ್ನು ನೋಡುತ್ತೇವೆ. ವಾರಕ್ಕೆ ಐದು ದಿನ, ಒಟ್ಟು ಐವತ್ತು ಗಂಟೆ. ಐದಕ್ಕಿಂತ ಹೆಚ್ಚು ಮಾಡಿ ನೋಡಿದ್ದೇವೆ. ಆರನೆಯವರಿಗೆ ಸಿಗುವುದು ಅರ್ಧ ಕಿವಿ, ಏಳನೆಯವರ ಹೆಸರೇ ಮನೆಗೆ ಬರುವಷ್ಟರಲ್ಲಿ ಮರೆತಿರುತ್ತದೆ. ಹೊಸದಾಗಿ ಫೋನ್ ಮಾಡಿದವರ ಹೆಸರುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇವೆ. ಮಹಡಿಯ ಮಾತು ಬಂದಾಗ ಅದರಲ್ಲಿ 31 ಹೆಸರುಗಳಿದ್ದವು. ಕಾಯುವ ಅವಧಿ ಮೂರು ವಾರ.

ಈ ಮೂರು ವಾರ ಎಂಬುದು ಏನು ಮಾಡಬಲ್ಲದು ಎಂದು ಹೇಳಲೇಬೇಕು. ಕಳೆದ ವರ್ಷ ಒಬ್ಬರು ಫೋನ್ ಮಾಡಿದರು. ಗುರುತು ಹೇಳುವುದು ನಮ್ಮ ವೃತ್ತಿಗೆ ಸಲ್ಲದು. ಊರು, ವಯಸ್ಸು, ಕಾರಣ ಯಾವುದನ್ನೂ ಹೇಳುವುದಿಲ್ಲ. ದನಿಯಲ್ಲಿ ಅವಸರವಿರಲಿಲ್ಲ. ನಾವು ಕೇಳಬೇಕಾದ ಪ್ರಶ್ನೆಗಳನ್ನು ಕೇಳಿದೆವು, ಅವರು ನಗುತ್ತಲೇ ಉತ್ತರಿಸಿದರು. ಮೂರು ವಾರದ ನಂತರದ ಒಂದು ದಿನ ಕೊಟ್ಟೆವು. ಹಿಂದಿನ ದಿನ ನೆನಪಿಸಲು ಫೋನ್ ಮಾಡಿದಾಗ ಎತ್ತಿದವರು ಅವರ ಅಣ್ಣ. "ಇನ್ನು ಬೇಕಾಗಿಲ್ಲ ಮೇಡಂ" ಎಂದಷ್ಟೇ ಹೇಳಿ ಇಟ್ಟರು. ಬೇರೆಡೆ ಹೋದರೋ, ಗುಣವಾಯಿತೋ, ಅಥವಾ ಇನ್ನೊಂದೋ, ನಾವು ಕೇಳಲಿಲ್ಲ. ಕೇಳಬೇಕಿತ್ತು. ಕೇಳುವ ಧೈರ್ಯವಾಗಲಿಲ್ಲ. ಬೆಳೆಯಬೇಕೇ ಬೇಡವೇ ಎಂದು ನಾವು ಸಮಾಧಾನವಾಗಿ ಚರ್ಚಿಸುವಾಗೆಲ್ಲ ಆ ಫೋನ್ ನಡುವೆ ಬಂದು ಕೂರುತ್ತದೆ. ಸಣ್ಣದಾಗಿರುವುದು ತನ್ನಿಂದ ತಾನೇ ಒಳ್ಳೆಯ ಗುಣ ಎಂಬ ಮಾತು ನಮಗೆ ಆ ದಿನದಿಂದ ರುಚಿಸುವುದಿಲ್ಲ.

ಬೆಂಗಳೂರಿನಲ್ಲಿರುವ ನಮ್ಮ ಚಿಕ್ಕಪ್ಪ ಒಬ್ಬರು ಇದನ್ನು ಕೇಳಿ ತಲೆಂತುಗಳ ಸಾಮತಿಯನ್ನು ನೆನಪಿಸಿದರು. ಕೊಟ್ಟದ್ದನ್ನು ನೆಲದಲ್ಲಿ ಹೂತಿಟ್ಟವನಿಗೆ ಏನಾಯಿತು ನೋಡು, ನೀವು ಹೂತಿಡುತ್ತಿದ್ದೀರಿ ಎಂದರು. ಮಾತು ಚುಚ್ಚಿತು. ಆದರೆ ಇನ್ನೊಂದು ಶುಭಸಂದೇಶದಲ್ಲಿ ಬೆಳೆ ಹೆಚ್ಚಾಯಿತೆಂದು ಕಣಜ ಒಡೆದು ಇನ್ನೂ ದೊಡ್ಡ ಕಣಜ ಕಟ್ಟಿಸಲು ಯೋಚಿಸುತ್ತಾ ಮಲಗಿದ ಸಾಹುಕಾರನೂ ಇದ್ದಾನಲ್ಲ. ಒಂದು ಸಾಮತಿ ಬೆಳೆಸು ಎನ್ನುವಂತಿದೆ, ಇನ್ನೊಂದು ಬೆಳೆಸುವವನನ್ನು ಮೂರ್ಖ ಎನ್ನುತ್ತದೆ. ಪೂಜೆಯಲ್ಲಿ ಬೇರೆ ಬೇರೆ ಭಾನುವಾರ ಕೇಳಿದಾಗ ಎರಡೂ ಸರಿ ಎನಿಸುತ್ತವೆ. ಬಾಡಿಗೆ ಒಪ್ಪಂದವನ್ನು ಕೈಯಲ್ಲಿ ಹಿಡಿದು ಓದಿದಾಗ ಕಷ್ಟ. ಸ್ವಲ್ಪ ದಿನ ಯೋಚಿಸಿದ ಮೇಲೆ ನಮಗೆ ಕಂಡದ್ದು ಇಷ್ಟು: ಮೊದಲನೆಯವನು ಬೆಳೆಸಬೇಕಾದ್ದು ಯಜಮಾನನ ಹಣವನ್ನು, ಎರಡನೆಯವನ ಮಾತಿನಲ್ಲಿ ಎಲ್ಲವೂ ನನ್ನ ಬೆಳೆ, ನನ್ನ ಕಣಜ. ಹಾಗಾದರೆ ನಮ್ಮ ನೋಟ್‌ಬುಕ್‌ನ 31 ಹೆಸರುಗಳು ಯಾರ ಸೊತ್ತು? ಇದಕ್ಕೆ ಉತ್ತರ ಬೇಕಾದರೆ ಸಾಮತಿಗಳನ್ನು ಬದಿಗಿಟ್ಟು ಲೆಕ್ಕದ ಹಾಳೆ ತೆಗೆಯಬೇಕಾಗಿತ್ತು.

ಅದಕ್ಕೂ ಮುಂಚೆ ನಮ್ಮೂರಿನಲ್ಲೇ ಇರುವ ಒಂದು ದೊಡ್ಡ ಉದಾಹರಣೆಯನ್ನು ಹೇಳಬೇಕು. ತೇನಿಯಲ್ಲಿ ಸೇವೆ ಹೇಗೆ ಬೆಳೆಯಬೇಕು ಎಂದು ಯಾರನ್ನಾದರೂ ಕೇಳಿ, ಅರವಿಂದ ಕಣ್ಣಾಸ್ಪತ್ರೆಯ ಕಡೆ ಕೈತೋರಿಸುತ್ತಾರೆ. ಡಾ. ಜಿ. ವೆಂಕಟಸ್ವಾಮಿ 1918ರಲ್ಲಿ ಹಳ್ಳಿಯೊಂದರಲ್ಲಿ ಹುಟ್ಟಿದವರು. ಸೇನೆಯಲ್ಲಿ ವೈದ್ಯರಾಗಿದ್ದರು, ಸಂಧಿವಾತ ಹಿಡಿದು ಬೆರಳುಗಳು ಸೊಟ್ಟಗಾದವು. ಪೆನ್ನು ಹಿಡಿಯುವುದೇ ಕಷ್ಟವಾಗಿದ್ದ ಆ ಬೆರಳುಗಳಿಗೆ ಶಸ್ತ್ರಕ್ರಿಯೆಯ ಚಾಕು ಹಿಡಿಯಲು ಕಲಿಸಿಕೊಂಡು, ಜೀವಮಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಣ್ಣುಗಳಿಗೆ ಆಪರೇಷನ್ ಮಾಡಿದರು. 1976ರಲ್ಲಿ 58ನೆಯ ವಯಸ್ಸಿಗೆ ಸರ್ಕಾರಿ ಸೇವೆಯಿಂದ ನಿವೃತ್ತರಾಗಿ, ಮದುರೆಯ ಒಂದು ಮನೆಯಲ್ಲಿ 11 ಹಾಸಿಗೆಗಳ ಆಸ್ಪತ್ರೆ ತೆರೆದರು. ತಂಗಿ, ತಂಗಿಯ ಗಂಡ, ತಮ್ಮ, ನಾದಿನಿ ಎಲ್ಲರೂ ಕೈಜೋಡಿಸಿದರು. 1985ರಲ್ಲಿ ಎರಡನೆಯ ಊರಿಗೆ ಕಾಲಿಟ್ಟರು. ಆ ಎರಡನೆಯ ಊರು ನಮ್ಮ ತೇನಿ. ಆಮೇಲೆ ತಿರುನೆಲ್ವೇಲಿ, ಕೊಯಮತ್ತೂರು, ಪುದುಚೇರಿ ಎಂದು ಹಬ್ಬಿತು. ಇಂದು ದಿಂಡಿಗಲ್‌ನಲ್ಲೂ ಇದ್ದಾರೆ.

ಹಬ್ಬಿದ ರೀತಿ ಗಮನಿಸಬೇಕಾದ್ದು. ಹಣ ಕೊಡಬಲ್ಲವರು ಕೊಡುತ್ತಾರೆ, ಕೊಡಲಾಗದವರು ಕೊಡುವುದಿಲ್ಲ; ನಿನ್ನ ಆದಾಯವೆಷ್ಟು ಎಂದು ಪ್ರಮಾಣಪತ್ರ ಕೇಳುವವರಿಲ್ಲ. ಕೊಟ್ಟವರ ಹಣದಲ್ಲಿ ಕೊಡದವರ ಕಣ್ಣೂ ತೆರೆಯುತ್ತದೆ. ಒಬ್ಬ ಶಸ್ತ್ರವೈದ್ಯರ ಮುಂದೆ ಎರಡು ಮೇಜು. ಒಂದರಲ್ಲಿ ಕೆಲಸ ಮುಗಿಯುವಷ್ಟರಲ್ಲಿ ಪಕ್ಕದ ಮೇಜಿನ ಮೇಲೆ ಮುಂದಿನ ರೋಗಿ ಸಿದ್ಧ. ಸಿದ್ಧಗೊಳಿಸುವವರು ಹಳ್ಳಿಗಳಿಂದ ಬಂದು ಎರಡು ವರ್ಷ ತರಬೇತಿ ಪಡೆದ ಹೆಣ್ಣುಮಕ್ಕಳು. ಹೀಗಾಗಿ ಅಲ್ಲಿ ಒಬ್ಬ ವೈದ್ಯರು ವರ್ಷಕ್ಕೆ ಸುಮಾರು 2000 ಆಪರೇಷನ್ ಮಾಡಬಲ್ಲರು. ಕಣ್ಣಿನೊಳಗೆ ಇಡುವ ಮಸೂರ ವಿದೇಶದಿಂದ ತರಿಸಿದರೆ ದುಬಾರಿ ಎಂದು 1992ರಲ್ಲಿ ಮದುರೆಯಲ್ಲೇ ಆರೋಲ್ಯಾಬ್ ಎಂಬ ಕಾರ್ಖಾನೆ ಶುರುಮಾಡಿದರು. ಬೆಲೆ ಹಲವು ಪಟ್ಟು ಇಳಿಯಿತು. ಅಮೆರಿಕದ ಹ್ಯಾಂಬರ್ಗರ್ ಅಂಗಡಿಗಳನ್ನು ನೋಡಿ, ಎಲ್ಲ ಊರಲ್ಲೂ ಒಂದೇ ರುಚಿ ಕೊಡಲು ಅವರಿಗೆ ಸಾಧ್ಯವಾದರೆ ಎಲ್ಲ ಊರಲ್ಲೂ ಒಂದೇ ಗುಣಮಟ್ಟದ ಕಣ್ಣಿನ ಚಿಕಿತ್ಸೆ ಕೊಡಲು ನಮಗೇಕಾಗದು ಎಂದು ವೆಂಕಟಸ್ವಾಮಿಯವರು ಯೋಚಿಸಿದ್ದು ಎಲ್ಲರಿಗೂ ಗೊತ್ತಿರುವ ಕತೆ.

ಈ ಆಸ್ಪತ್ರೆಯ ಮುಂದೆ ಓಡಾಡುವವರಿಗೆ "ಸಣ್ಣದಾಗಿದ್ದರೇ ಚೆನ್ನ" ಎನ್ನುವ ಬಾಯಿ ಬರುವುದಿಲ್ಲ. 11 ಹಾಸಿಗೆಗೇ ತೃಪ್ತಿಪಟ್ಟು ನಿಂತಿದ್ದರೆ ತೇನಿಯ ಎಷ್ಟು ಮುದುಕಿಯರು ಮೊಮ್ಮಕ್ಕಳ ಮುಖ ನೋಡದೆ ಹೋಗುತ್ತಿದ್ದರು! ಬೆಳೆಯುವುದು ಆಸೆಬುರುಕತನ ಎಂದು ಸುಮ್ಮನೆ ಹೇಳಿಬಿಡುವವರು ಒಮ್ಮೆ ಅಲ್ಲಿಯ ಹೊರರೋಗಿ ಸಾಲಿನಲ್ಲಿ ಬಂದು ನಿಲ್ಲಲಿ.

ಹಾಗಾದರೆ ನಾವೂ ಹಾಗೇ ಮಾಡಬಹುದಲ್ಲ? ಇಲ್ಲಿಯೇ ಲೆಕ್ಕದ ಹಾಳೆ ಬರುವುದು. ನಮ್ಮ ಶುಲ್ಕ ಗಂಟೆಗೆ 600 ರೂಪಾಯಿ. ತೇನಿಯಲ್ಲಿ ಬರುವ ಹತ್ತು ಜನರಲ್ಲಿ ನಾಲ್ವರು ಪೂರ್ತಿ ಕೊಡುತ್ತಾರೆ, ನಾಲ್ವರು ಅರ್ಧ, ಇಬ್ಬರು ಏನೂ ಕೊಡುವುದಿಲ್ಲ. ಅಂದರೆ ಹತ್ತು ಗಂಟೆಗೆ 3600. ಗಂಟೆಗೆ ಸರಾಸರಿ 360. ದಿಂಡಿಗಲ್‌ನ ಖರ್ಚು: ಬಾಡಿಗೆ 22,000, ಇಬ್ಬರು ಹೊಸ ಸಮಾಲೋಚಕರಿಗೆ 25,000ದಂತೆ ಸಂಬಳ, ವಿದ್ಯುತ್ತು, ಓಡಾಟ, ಫೋನ್ ಎತ್ತುವವರಿಗೆ ಒಂದಿಷ್ಟು ಎಲ್ಲ ಸೇರಿ 8,000. ಒಟ್ಟು 80,000. ಅದನ್ನು 360ರಿಂದ ಭಾಗಿಸಿದರೆ ತಿಂಗಳಿಗೆ 222 ಗಂಟೆ. ಇಬ್ಬರು ದಿನಕ್ಕೆ ಐವರಂತೆ 22 ದಿನ ಕೆಲಸ ಮಾಡಿದರೆ ಆಗುವುದು 220. ಯಾರೂ ರಜೆ ಹಾಕಬಾರದು, ಜ್ವರ ಬರಬಾರದು, ಮಳೆಗೆ ಬಸ್ ತಪ್ಪಿ ಒಬ್ಬರೂ ಗೈರುಹಾಜರಾಗಬಾರದು. ಹಾಗಿದ್ದರೂ ಎರಡು ಗಂಟೆಯ ಸಾಲ ಉಳಿಯುತ್ತದೆ. ಏನೂ ಕೊಡದ ಇಬ್ಬರನ್ನು ಕೈಬಿಟ್ಟರೆ? ಎಂಟು ಗಂಟೆಗೆ 3600, ಸರಾಸರಿ 450. ತಿಂಗಳಿಗೆ 178 ಗಂಟೆ ಸಾಕು. ಆರಾಮವಾಗಿ ನಡೆಯುತ್ತದೆ.

ಹಾಳೆಯ ಮುಂದೆ ನಾವಿಬ್ಬರೂ ಸುಮ್ಮನೆ ಕುಳಿತೆವು. ಬೆಳೆಯುವುದಕ್ಕೆ ಅಡ್ಡವಾಗಿರುವುದು ಆ ಇಬ್ಬರು. ಅವರನ್ನು ಬಿಡಬೇಕೆಂದು ಯಾರೂ ನಿರ್ಧರಿಸಬೇಕಾಗಿಲ್ಲ. ಬಾಡಿಗೆಯೇ ತಿಂಗಳು ತಿಂಗಳೂ ಮೆಲ್ಲಗೆ ನಿರ್ಧರಿಸುತ್ತದೆ. ಮೊದಲು ಸಂಜೆಯ ಒಂದು ಗಂಟೆ ಹಣ ಕೊಡುವವರಿಗೆ, ಆಮೇಲೆ ಇನ್ನೊಂದು. ಏಲಕ್ಕಿ ತೋಟದವರಿಗೆ "ಮುಂದಿನ ತಿಂಗಳು ನೋಡೋಣ ಅಕ್ಕಾ" ಎನ್ನುವುದು ಅಭ್ಯಾಸವಾಗುತ್ತದೆ. ಅದನ್ನು ಕೆಟ್ಟವರಾಗಿ ಮಾಡುವುದಿಲ್ಲ. ಸಂಬಳ ಕೊಡಬೇಕಾದ ಒಳ್ಳೆಯವರಾಗಿ ಮಾಡುತ್ತೇವೆ.

ಅರವಿಂದದಲ್ಲಿ ಹೀಗಾಗಲಿಲ್ಲ, ಏಕೆ? ನಮಗೆ ತೋಚಿದ್ದು ಇದು. ಅಲ್ಲಿ ವೈದ್ಯರ ನಿಮಿಷಗಳನ್ನು ಉಳಿಸಬಹುದು. ತೊಳೆಯುವುದು, ಅಳೆಯುವುದು, ಹನಿ ಹಾಕುವುದು, ಧೈರ್ಯ ಹೇಳುವುದು ಎಲ್ಲವನ್ನೂ ಬೇರೆಯವರು ಮಾಡಿ, ವೈದ್ಯರಿಗೆ ಅವರೊಬ್ಬರೇ ಮಾಡಬಲ್ಲ ಕೆಲವೇ ನಿಮಿಷದ ಕೆಲಸ ಉಳಿಸುತ್ತಾರೆ. ಆದ್ದರಿಂದ ಇನ್ನೊಬ್ಬ ಉಚಿತ ರೋಗಿ ಬಂದರೆ ಹೆಚ್ಚುವ ಖರ್ಚು ಸ್ವಲ್ಪ. ನಮ್ಮಲ್ಲಿ ಉಚಿತ ಗಂಟೆಯೂ ಹಣ ಕೊಟ್ಟ ಗಂಟೆಯಷ್ಟೇ ಉದ್ದ. ಎರಡು ಕುರ್ಚಿ ಹಾಕಿ ಒಬ್ಬರು ಅಳುವಾಗ ಇನ್ನೊಬ್ಬರ ಕಡೆ ತಿರುಗಲು ಆಗುವುದಿಲ್ಲ. ಇನ್ನೂ ಒಂದು ಮಾತು, ಇದನ್ನು ಸ್ವಲ್ಪ ಸಂಕೋಚದಿಂದಲೇ ಹೇಳುತ್ತೇವೆ: ವೆಂಕಟಸ್ವಾಮಿಯವರು ಶುರುಮಾಡಿದ್ದು ನಿವೃತ್ತಿಯ ನಂತರ, ಪಿಂಚಣಿ ಇತ್ತು, ಮದುವೆಯಾಗಿರಲಿಲ್ಲ, ಆಸ್ಪತ್ರೆಯಿಂದ ಸಂಬಳ ತೆಗೆದುಕೊಳ್ಳಲಿಲ್ಲ. ಚೆನ್ನೈಯಲ್ಲಿ 1984ರಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳಿಗಾಗಿ ಸ್ಕಾರ್ಫ್ ಸಂಸ್ಥೆ ಕಟ್ಟಿದ ಡಾ. ಸಾರದಾ ಮೆನನ್ (ಅವರು ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ ಎಂಬುದು ಎಷ್ಟು ಜನರಿಗೆ ಗೊತ್ತೋ) ಕೂಡ ಮದರಾಸಿನ ಸರ್ಕಾರಿ ಮಾನಸಿಕ ಆಸ್ಪತ್ರೆಯಿಂದ ನಿವೃತ್ತರಾದ ಮೇಲೆಯೇ ಅದನ್ನು ಕಟ್ಟಿದ್ದು. ಅವರ ದೊಡ್ಡತನವನ್ನು ಇದು ಒಂದು ಕೂದಲಷ್ಟೂ ಕಡಿಮೆ ಮಾಡುವುದಿಲ್ಲ. ಆದರೆ ಮಗಳ ಶಾಲಾ ಶುಲ್ಕ, ಗೃಹಸಾಲ ಎರಡೂ ಇರುವ ನಾವು "ಸೇವೆ ಬೆಳೆಯಲಿ" ಎನ್ನುವಾಗ ಆ ಬಾಯಲ್ಲಿ ಎರಡು ಆಸೆಗಳು ಒಟ್ಟಿಗೆ ಮಾತಾಡುತ್ತವೆ. ಯಾವುದರ ದನಿ ಯಾವುದು ಎಂದು ನಮಗೇ ಬಿಡಿಸಲಾಗುವುದಿಲ್ಲ.

ಹಣ ತೆಗೆದುಕೊಳ್ಳುವುದೇ ತಪ್ಪೇ ಎಂದು ಒಬ್ಬ ಗುರುಗಳು ನಮ್ಮನ್ನು ಕೇಳಿದ್ದರು. ಪಾಪನಿವೇದನೆಗೆ ನಾವು ಹಣ ಪಡೆಯುವುದಿಲ್ಲವಲ್ಲ ಎಂದು ನಕ್ಕರು. ನಾವೂ ನಕ್ಕೆವು. ಆದರೆ ಪಾಪನಿವೇದನೆ ಕೇಳುವ ಗುರುಗಳ ಊಟ ವಸತಿಯನ್ನು ಇಡೀ ಧರ್ಮಸಭೆ ಹೊತ್ತಿದೆ. ನಮ್ಮ ಊಟವನ್ನು ಹೊರುವುದು ಆ 600 ರೂಪಾಯಿ. ಅಷ್ಟಕ್ಕೂ ಪಾಪನಿವೇದನೆ ಪೀಠವನ್ನೂ ಹಿಗ್ಗಿಸಲಾಗುವುದಿಲ್ಲ. ಆರ್ಸ್ ಗ್ರಾಮದ ಸಂತ ಜಾನ್ ಮರಿಯ ವಿಯಾನ್ನಿಯವರು ಕೊನೆಯ ವರ್ಷಗಳಲ್ಲಿ ದಿನಕ್ಕೆ 16 ಗಂಟೆಯವರೆಗೆ ಅಲ್ಲಿ ಕೂರುತ್ತಿದ್ದರು. ಅದು ನಮಗೆಲ್ಲ ಗೊತ್ತು. ಅವರು ಆ ಊರು ಬಿಟ್ಟು ಓಡಿಹೋಗಲು ಒಂದಕ್ಕಿಂತ ಹೆಚ್ಚು ಸಲ ಪ್ರಯತ್ನಿಸಿದ್ದರು ಎಂಬುದನ್ನು ಪ್ರಸಂಗಗಳಲ್ಲಿ ಕಡಿಮೆ ಕೇಳುತ್ತೇವೆ.

ನಮ್ಮ ಒಂದು ತಪ್ಪನ್ನೂ ಇಲ್ಲಿ ಬರೆಯಬೇಕು. ಎರಡು ವರ್ಷದ ಹಿಂದೆ ಒಮ್ಮೆ ಬೆಳೆಯಲು ಹೋಗಿದ್ದೆವು. ಓದು ಮುಗಿಸಿ ಬಂದ ಒಬ್ಬ ಹುಡುಗಿಯನ್ನು ಸೇರಿಸಿಕೊಂಡು, ಕಾಯುತ್ತಿದ್ದವರೆಲ್ಲರನ್ನೂ ಆಕೆಯ ಕಡೆ ಕಳುಹಿಸಿದೆವು. ದಿನಕ್ಕೆ ಎಂಟು ಜನ. ವಾರಕ್ಕೊಮ್ಮೆ ಕೂತು ಆಕೆಯ ಕಷ್ಟ ಕೇಳುತ್ತೇವೆ ಎಂದಿದ್ದೆವು; ಮೂರು ವಾರದಲ್ಲಿ ಅದು ಹದಿನೈದು ದಿನಕ್ಕೊಮ್ಮೆಯಾಯಿತು, ಆಮೇಲೆ ನಿಂತಿತು. ಬರುತ್ತಿದ್ದ ಒಬ್ಬ ಹೆಂಗಸು ಹೋಗುವಾಗ ಹೇಳಿದರು: "ಒಳ್ಳೇ ಹುಡುಗಿ ಮೇಡಂ, ಪಾಪ ಗಡಿಯಾರ ನೋಡ್ತಾ ಇರುತ್ತೆ." ಆಕೆ ಗಡಿಯಾರ ನೋಡುವಂತೆ ಮಾಡಿದವರು ನಾವು. ಆರು ತಿಂಗಳಿಗೆ ಕೆಲಸ ಬಿಟ್ಟಳು. ಈಗ ಬೇರೆ ಕ್ಷೇತ್ರದಲ್ಲಿದ್ದಾಳೆ. ಕಾಯುವವರ ಪಟ್ಟಿ ಚಿಕ್ಕದಾಗಿತ್ತು ಎಂಬುದು ನಿಜ.

ಅವಶ್ಯಕತೆ ದೊಡ್ಡದಾಗಿದೆ ಎಂಬ ಒಂದೇ ಕಾರಣಕ್ಕೆ ಬೆಳೆದದ್ದೆಲ್ಲ ಒಳ್ಳೆಯದಾಗುವುದಿಲ್ಲ ಎಂಬುದಕ್ಕೆ ತಮಿಳುನಾಡಿಗೆ ಬೇರೆ ಪಾಠ ಬೇಕಿಲ್ಲ. ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾಕ್ಕೆ ಹರಕೆ ಹೊತ್ತು ಬರುವ ಮನೋರೋಗಿಗಳನ್ನು ಇಟ್ಟುಕೊಳ್ಳಲು ಸುತ್ತಮುತ್ತ ಖಾಸಗಿ ಮನೆಗಳು ಹುಟ್ಟಿಕೊಂಡವು. ಮನೆಯವರಿಗೆ ಬೇರೆ ದಾರಿಯಿರಲಿಲ್ಲ, ದುಡ್ಡು ಕೊಟ್ಟು ಬಿಟ್ಟುಹೋಗುತ್ತಿದ್ದರು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥ ಒಂದು ಮನೆಯ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಲಾಗಿದ್ದ 28 ಜನ ಸತ್ತರು. ನಮ್ಮ ಮೂರು ಕೋಣೆಗೂ ಅದಕ್ಕೂ ಹೋಲಿಕೆಯಿಲ್ಲ, ಗೊತ್ತು. ಆದರೆ ಪಟ್ಟಿ ಉದ್ದವಿದೆ ಎಂಬುದನ್ನೇ ಸಮರ್ಥನೆಯಾಗಿ ಹಿಡಿದಾಗಲೆಲ್ಲ ಆ ನಸುಕು ನೆನಪಾಗುವುದು ಒಳ್ಳೆಯದೇ.

ಕಾಯುವವರ ಸಂಖ್ಯೆಯಾದರೋ ಒಬ್ಬಿಬ್ಬರ ಅಂಗಡಿಯಿಂದ ತೀರುವಂಥದ್ದಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ತಮಿಳುನಾಡೂ ಇತ್ತು. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅಂಥವರಲ್ಲಿ, ಕಾಯಿಲೆಯನ್ನು ಅನುಸರಿಸಿ, ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಇದರ ಮುಂದೆ ವಾರಕ್ಕೆ ಐವತ್ತು ಗಂಟೆ ಎಷ್ಟರದು, ನೂರು ಗಂಟೆಯಾದರೂ ಎಷ್ಟರದು?

ಇಲ್ಲಿ ವಿಮೋಚನಕಾಂಡದ ಆ ಮಾವ ನೆನಪಾದರು. ಬೆಳಗಿನಿಂದ ಸಂಜೆಯವರೆಗೆ ಜನರ ತಕರಾರು ಕೇಳುತ್ತಾ ಕುಳಿತಿದ್ದ ಮೋಶೆಯನ್ನು ನೋಡಿ ಇತ್ರೋ, ನೀನೂ ಸೋತುಹೋಗುತ್ತೀ, ಜನರೂ ಸೋತುಹೋಗುತ್ತಾರೆ ಎಂದು ಎಚ್ಚರಿಸಿದ. ಅವನು ಮೋಶೆಗೆ ದೊಡ್ಡ ಗುಡಾರ ಹಾಕಿಸು ಎಂದು ಹೇಳಲಿಲ್ಲ. ಸಾವಿರ ಜನಕ್ಕೆ, ನೂರು ಜನಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರಂತೆ ನೇಮಿಸು, ಕಠಿಣವಾದದ್ದು ಮಾತ್ರ ನಿನ್ನ ಬಳಿ ಬರಲಿ ಎಂದ. ಕರ್ನಾಟಕದ ನಮಗೆ ಇದು ಬರೀ ಬೈಬಲ್ಲಿನ ಕತೆಯಲ್ಲ. 1970ರ ದಶಕದಲ್ಲಿ ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ, ಆಮೇಲೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನೇ ಮಾಡಿದರು: ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸಲು, ಔಷಧ ಕೊಡಲು, ಮನೆಗೆ ಹೋಗಿ ವಿಚಾರಿಸಲು ಕಲಿಸಿದರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದದ್ದು ಬಳ್ಳಾರಿಯ ಮಾದರಿಯಲ್ಲೇ. ಗೋವಾದಲ್ಲಿ ಸಂಗಾತ್ ಸಂಸ್ಥೆಯವರು ಇನ್ನೂ ಮುಂದೆ ಹೋಗಿ, ಮನಶ್ಶಾಸ್ತ್ರ ಓದಿರದ ಸ್ಥಳೀಯರಿಗೇ ತರಬೇತಿ ಕೊಟ್ಟು ಖಿನ್ನತೆ, ಆತಂಕ ಇರುವವರ ಜೊತೆ ಕೂರಿಸಿದರು. ಫಲಿತಾಂಶ 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು: ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಹೆಚ್ಚು ಜನ ಚೇತರಿಸಿಕೊಂಡಿದ್ದರು. ಖಾಸಗಿ ವೈದ್ಯರ ಬಳಿ ಅಂಥ ವ್ಯತ್ಯಾಸ ಕಾಣಲಿಲ್ಲ. ಖಾಸಗಿಯಾಗಿ ಬೆಳೆಯಲು ಹೊರಟಿದ್ದ ನಾವು ಆ ಸಾಲನ್ನು ಎರಡು ಸಲ ಓದಿದೆವು.

ಇದರಲ್ಲಿ ನಷ್ಟವಿಲ್ಲವೆಂದಲ್ಲ. ಫ್ರಾಯ್ಡ್ ಕೂಡ 1918ರಲ್ಲಿ ಬುಡಾಪೆಸ್ಟ್‌ನಲ್ಲಿ ಮಾತಾಡುತ್ತಾ, ಬಡವರಿಗೂ ಈ ಚಿಕಿತ್ಸೆ ಮುಟ್ಟಬೇಕು, ಆಗ ನಮ್ಮ ಅಪ್ಪಟ ಚಿನ್ನಕ್ಕೆ ತಾಮ್ರ ಬೆರೆಸಬೇಕಾದೀತು ಎಂಬರ್ಥದ ಮಾತು ಹೇಳಿದ್ದರು. ಎರಡು ವರ್ಷದಲ್ಲಿ ಬರ್ಲಿನ್‌ನಲ್ಲಿ ಅಂಥ ಒಂದು ಚಿಕಿತ್ಸಾಲಯವೂ ತೆರೆಯಿತು. ತಾಮ್ರ ಬೆರೆಸದೆ ಬಳೆ ಆಗುವುದಿಲ್ಲ ಎಂದು ನಮ್ಮೂರಿನ ಯಾವ ಆಚಾರಿಯಾದರೂ ಹೇಳುತ್ತಾನೆ. ಎಷ್ಟು ಬೆರೆಸಬೇಕು ಎಂಬುದೇ ಆಚಾರಿಯ ಪ್ರಾಮಾಣಿಕತೆ.

ನಮ್ಮ ಮನೆಯ ಇತ್ರೋ, ಅಂದರೆ ಕಂಬಂನ ಮಾವ, ಏನೆಂದರು ಎಂದು ಕೇಳಿದರೆ ನಮಗೇ ಆಶ್ಚರ್ಯ. ಅವರದು ಸಣ್ಣ ದ್ರಾಕ್ಷಿ ತೋಟ. ಕಂಬಂನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು; 1832ರಲ್ಲಿ ಈ ತಳಿಯನ್ನು ತಮಿಳುನಾಡಿಗೆ ತಂದವರು ಒಬ್ಬ ಫ್ರೆಂಚ್ ಪಾದ್ರಿ ಎಂದು ಹೇಳುತ್ತಾರೆ. ದ್ರಾಕ್ಷಿ ಬೆಳೆಗಾರರಾದ್ದರಿಂದ ಬಳ್ಳಿ ಕತ್ತರಿಸುವ ಮಾತು ಆಡುತ್ತಾರೆ, ಚಪ್ಪರ ಹೊರುವಷ್ಟೇ ಗೊನೆ ಬಿಡಿ ಎನ್ನುತ್ತಾರೆ ಎಂದು ನಾವು ಎಣಿಸಿದ್ದೆವು. ಅವರು ಹೇಳಿದ್ದೇ ಬೇರೆ. "1895ರಲ್ಲಿ ಪೆರಿಯಾರ್ ಅಣೆ ಕಟ್ಟಿ, ಪಡುವಣಕ್ಕೆ ಹೋಗೋ ನೀರನ್ನು ಬೆಟ್ಟ ಕೊರೆದು ಈ ಕಡೆ ತಿರುಗಿಸಿದರಲ್ಲಪ್ಪ. ಅವರೂ ಲೆಕ್ಕ ಹಾಕ್ಕೊಂಡು ಕೂತಿದ್ದರೆ ಈ ಕಣಿವೇಲಿ ನೀರೆಲ್ಲಿತ್ತು? ನೀರು ಬಂದಿರುವಾಗ ನೆಡದೆ ಬಿಡೋದು ತಪ್ಪು." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸೇರಿಸಿದರು. "ಆದರೆ ಆ ನೀರು ಕಟ್ಟಿಸಿದವನ ತೋಟಕ್ಕೆ ಮಾತ್ರ ಬರಲಿಲ್ಲ, ನೋಡಿ."

ನಮ್ಮಲ್ಲೊಬ್ಬರಿಗೆ ಮೊದಲ ಮಾತು ಹಿಡಿಸಿತು, ಇನ್ನೊಬ್ಬರಿಗೆ ಎರಡನೆಯದು. ಬೆಳೆಸುವುದು ಬೇರೆ, ನಮ್ಮದಾಗಿ ಬೆಳೆಸುವುದು ಬೇರೆ ಎಂಬುದು ಅಲ್ಲಿಂದ ಹೊಳೆಯಿತು. ಅರವಿಂದದವರೂ ತೇನಿಯಿಂದ ಮುಂದಕ್ಕೆ ಹಳ್ಳಿಗಳಿಗೆ ಹೋದಾಗ ಎಲ್ಲೆಡೆ ದೊಡ್ಡ ಆಸ್ಪತ್ರೆ ಕಟ್ಟಲಿಲ್ಲ. 2004ರಿಂದೀಚೆಗೆ ಅವರು ಸಣ್ಣ ಊರುಗಳಲ್ಲಿ ತೆರೆದ ದೃಷ್ಟಿಕೇಂದ್ರಗಳಲ್ಲಿ ತರಬೇತಿ ಪಡೆದ ಹೆಣ್ಣುಮಕ್ಕಳು ಕಣ್ಣು ಪರೀಕ್ಷಿಸುತ್ತಾರೆ, ದೂರದ ವೈದ್ಯರು ಪರದೆಯ ಮೇಲೆ ನೋಡಿ ಮಾತಾಡುತ್ತಾರೆ. ಇಲ್ಲಿಯ ಕೇಂದ್ರಗಳನ್ನು ತೇನಿಯ ಆಸ್ಪತ್ರೆಗೆ ಜೋಡಿಸಲು ದೂರ ಹೋಗುವ ವೈಫೈ ಹಾಕಿಕೊಡಲು ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ ಸಂಶೋಧಕರು ಬಂದಿದ್ದರು. ಎರಡು ಮೇಜಿನ ಕತೆಯನ್ನು ಎಲ್ಲರೂ ಹೇಳುತ್ತಾರೆ, ಈ ಸಣ್ಣ ಕೋಣೆಗಳ ಕತೆ ನಮಗೆ ಹೆಚ್ಚು ಬೇಕಾಗಿತ್ತು.

ಇನ್ನು ಒಂದು ಆಕ್ಷೇಪ ಉಳಿದಿದೆ. ಅದನ್ನು ಎತ್ತಿದ್ದು ನಮ್ಮಲ್ಲೇ ಒಬ್ಬರು. "ನಾವು ಬೆಳೆಯದಿರುವುದಕ್ಕೆ ಕಾರಣ ಬಡವರಲ್ಲ, ನಮ್ಮ ಅಹಂಕಾರ. ನಮ್ಮಂತೆ ಕೇಳಿಸಿಕೊಳ್ಳುವವರು ಇನ್ನೊಬ್ಬರಿಲ್ಲ ಎಂದುಕೊಂಡಿದ್ದೇವೆ. ಆ ಹುಡುಗಿ ಸೋತದ್ದು ನಮಗೆ ಒಳಗೊಳಗೇ ಸಮಾಧಾನ ಕೊಟ್ಟಿತ್ತು." ಆ ರಾತ್ರಿ ಊಟ ಸೇರಲಿಲ್ಲ. ಸುಳ್ಳು ಎಂದು ಹೇಳಲು ಬರಲಿಲ್ಲ. ಅರ್ಧ ಸತ್ಯ ಎಂದು ಈಗ ಒಪ್ಪಿಕೊಂಡಿದ್ದೇವೆ, ಇಬ್ಬರೂ.

ಮಾಡಿದ್ದು ಇಷ್ಟು. ದಿಂಡಿಗಲ್‌ನ ಯಜಮಾನರಿಗೆ ಫೋನ್ ಮಾಡಿ ಮಹಡಿ ಬೇಡ ಎಂದೆವು. ಬೇಸರಪಟ್ಟುಕೊಂಡರು. ಅಲ್ಲಿಯ ಪರಿಚಯದ ಶಾಲೆಯೊಂದು ಗುರುವಾರ ಮಧ್ಯಾಹ್ನದ ನಂತರ ಒಂದು ಕೋಣೆಯನ್ನು ಬಾಡಿಗೆಯಿಲ್ಲದೆ ಕೊಡಲು ಒಪ್ಪಿದೆ. ನಮ್ಮಲ್ಲೊಬ್ಬರು ವತ್ತಲಗುಂಡಿನ ದಾರಿಯ ಬಸ್ಸಿನಲ್ಲಿ ಹೋಗಿ ಐವರನ್ನು ನೋಡಿ ಬರುತ್ತಾರೆ. ಅಂದರೆ ಆ ದಿನ ತೇನಿಯಲ್ಲಿ ಐವರು ಕಡಿಮೆ. ಇದು ಬೆಳವಣಿಗೆಯಲ್ಲ, ಸ್ಥಳಾಂತರ ಎಂದು ಚಿಕ್ಕಪ್ಪ ಹೇಳಿದರು, ಸರಿಯಾಗಿಯೇ ಹೇಳಿದರು.

ಇನ್ನೊಂದು, ಶನಿವಾರಗಳ ಕೆಲಸ. ಶಿಕ್ಷಕಿಯರು, ಇಬ್ಬರು ಕನ್ಯಾಸ್ತ್ರೀಯರು, ಒಬ್ಬ ನರ್ಸ್, ಸ್ವಸಹಾಯ ಸಂಘದ ಹೆಂಗಸರು, ಒಬ್ಬ ಟೈಲರ್ ಸೇರಿ ಹನ್ನೆರಡು ಮಂದಿಗೆ ಕಲಿಸಲು ಶುರುಮಾಡಿದೆವು. ಚಿಕಿತ್ಸೆ ಕೊಡಲು ಅಲ್ಲ. ಅಡ್ಡ ಬಾಯಿ ಹಾಕದೆ ಕೇಳುವುದು ಹೇಗೆ, ಯಾರನ್ನು ತಡಮಾಡದೆ ಕೆ. ವಿಲಕ್ಕಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದೊಯ್ಯಬೇಕು, ಸಾಯುವ ಮಾತಾಡಿದವರನ್ನು ನೇರವಾಗಿ ಏನು ಕೇಳಬೇಕು, ಮನೆಯಲ್ಲಿರುವ ಕೀಟನಾಶಕದ ಡಬ್ಬಿಯನ್ನು ಎಲ್ಲಿಡಿಸಬೇಕು, ಇಂಥವು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಎಂಬ ನಂಬರನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದೇವೆ; ಬೆಂಗಳೂರಿನ ನಿಮಗೂ ಅದೇ ನಂಬರು, ಹಗಲು ರಾತ್ರಿ, ಹಣವಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಹನ್ನೆರಡರಲ್ಲಿ ಇಬ್ಬರು ಈಗಾಗಲೇ ಬರುವುದು ನಿಲ್ಲಿಸಿದ್ದಾರೆ. ಟೈಲರ್ ಅಕ್ಕ ಮಾತ್ರ ನಮಗಿಂತ ಚೆನ್ನಾಗಿ ಕೇಳುತ್ತಾರೆ. ಮನೆಮಾತು ಕನ್ನಡ. ಅಳತೆ ತೆಗೆದುಕೊಳ್ಳುವಾಗ ಹೆಂಗಸರು ತಾವಾಗಿಯೇ ಮಾತಾಡುತ್ತಾರಂತೆ.

ಈ ಹತ್ತು ಮಂದಿಯ ಕಷ್ಟವನ್ನು ವಾರಕ್ಕೊಮ್ಮೆ ಕೂತು ಕೇಳುವ ಹೊತ್ತು ನಮಗೆ ಮುಂದಿನ ವರ್ಷವೂ ಇರುತ್ತದೆಯೇ, ಅಥವಾ ಆ ಹುಡುಗಿಗೆ ಮಾಡಿದ್ದನ್ನೇ ಹತ್ತು ಪಟ್ಟು ಮಾಡುತ್ತೇವೆಯೇ ಎಂದು ನಮಗೆ ಭಯವಿದೆ. ಅದಕ್ಕಾಗಿ ಶನಿವಾರ ಸಂಜೆಯ ಶುಲ್ಕದ ಗಂಟೆಗಳನ್ನು ಬಿಟ್ಟಿದ್ದೇವೆ. ತಿಂಗಳ ಕೊನೆಯಲ್ಲಿ ಅದು ಗೊತ್ತಾಗುತ್ತದೆ.

ನೋಟ್‌ಬುಕ್‌ನಲ್ಲಿ ಈಗ ಒಂದು ಹೊಸ ಕಾಲಂ ಎಳೆದಿದ್ದೇವೆ. ಹೆಸರು ಬರೆದ ಏಳನೆಯ ದಿನ, ಸಮಯ ಸಿಕ್ಕಿರಲಿ ಬಿಡಲಿ, ನಾವೇ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಬೇಕು. ಬೇರೆಯವರು ಎತ್ತಿದರೆ ಅವರನ್ನೂ ಕೇಳಬೇಕು. ಈ ವಾರ 34 ಹೆಸರುಗಳಿವೆ.